ಡಬ್ಬಿ ಬದಲಿಸುತ್ತಿದ್ದ ಅಕ್ಕೋರು

ಕುಮಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಪೇಟೆಯವರಿಗೆಲ್ಲ ಅವರು ಟೈಪಿಂಗ್ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಶಾಲೆಯ ಅಕ್ಕೋರು ಊರಿಗೆ ಹತ್ತು ಮಂದಿ ಇದ್ದರು, ಟೈಪಿಂಗ್ ಅಕ್ಕೋರು ಒಬ್ಬರೇ. ಮುಂದೆ ಟೈಪ್‌ರೈಟರುಗಳು ಹೋಗಿ ಅವೇ ಮೇಜುಗಳ ಮೇಲೆ ಕಂಪ್ಯೂಟರುಗಳು ಬಂದು ಕೂತ ಮೇಲೂ ಆ ಹೆಸರು ಹಾಗೇ ಉಳಿಯಿತು.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ಗುಂಪೊಂದು ಮೊಬೈಲಿನಲ್ಲಿದೆ. ಅದರಲ್ಲಿ ಒಂದು ಬೆಳಿಗ್ಗೆ ಅವರ ಫೋಟೊ ಬಂತು. ಮಧ್ಯಾಹ್ನದೊಳಗೆ ಕೈ ಮುಗಿದ ಚಿತ್ರಗಳು, ಎರಡೆರಡು ಸಾಲಿನ ಶ್ರದ್ಧಾಂಜಲಿಗಳು ತುಂಬಿಹೋದವು. ದುಬೈಯಲ್ಲಿರುವವನೊಬ್ಬ, ಅಕ್ಕೋರು ಕಲಿಸಿದ ಹತ್ತು ಬೆರಳಿನಿಂದಲೇ ಇವತ್ತಿಗೂ ಅನ್ನ ಉಣ್ಣುತ್ತಿದ್ದೇನೆ ಎಂದು ಬರೆದಿದ್ದ. ನಾನು ಏನೂ ಬರೆಯಲಿಲ್ಲ. ಅವರ ಹತ್ತಿರ ಆರು ವರ್ಷ ಕೆಲಸ ಮಾಡಿದವಳು ನಾನು. ಬರೆಯುವ ಹಕ್ಕು ಉಳಿಸಿಕೊಂಡಿಲ್ಲ ಅನ್ನಿಸಿತ್ತು. ಅದು ಯಾಕೆ ಎಂಬುದನ್ನು ಹೇಳುತ್ತೇನೆ. ಆದರೆ ಮೊದಲು ಅವರು ಹೇಗಿದ್ದರು ಎಂದು ಹೇಳಬೇಕು.

ಗಿಡ್ಡ ದೇಹ, ಹತ್ತಿಯ ಸೀರೆ, ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದ ರೀತಿಯಲ್ಲಿ ಯಾವಾಗಲೂ ಕೆಲಸಕ್ಕೆ ಹೊರಟವರ ಹಾಗೆ ಕಾಣುತ್ತಿದ್ದರು. ತಲೆಯಲ್ಲಿ ಅಬ್ಬಲಿಗೆ ಮಾಲೆ ತಪ್ಪುತ್ತಿರಲಿಲ್ಲ. ಹುಟ್ಟಿದ್ದು ಹಿರೇಗುತ್ತಿಯಲ್ಲಿ, ಕೊಟ್ಟದ್ದು ಕರ್ಕಿಗೆ. ದಿನಾ ಬೆಳಿಗ್ಗೆ ಕರ್ಕಿಯಿಂದ ಬಸ್ಸು ಹಿಡಿದು ಕುಮಟೆಗೆ ಬಂದು, ಮೀನುಪೇಟೆಯ ಹತ್ತಿರದ ಹಳೇ ಕಟ್ಟಡದ ಮಹಡಿಯಲ್ಲಿದ್ದ ತಮ್ಮ ಇನ್‌ಸ್ಟಿಟ್ಯೂಟಿನ ಬಾಗಿಲನ್ನು ತಾವೇ ತೆಗೆಯುತ್ತಿದ್ದರು. ಎಂಟು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಮೇಲೆ ಕೀಬೋರ್ಡಿನ ದೊಡ್ಡ ಪಟ. ಮಾತು ಕಡಿಮೆ. ತಪ್ಪು ಹೊಡೆದವರ ಬೆನ್ನ ಹಿಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದರು, ಅಷ್ಟೇ. ಆ ನಿಲ್ಲುವಿಕೆಗೆ ಹೆದರಿಯೇ ನಾವು ಕಲಿತದ್ದು.

ರಿಪೇರಿ ಕೆಲಸಕ್ಕೆ ಅವರು ಇಳಿದದ್ದು ಸಿಟ್ಟಿನಿಂದ. ಆಗ ಯಂತ್ರ ಕೆಟ್ಟರೆ ಹುಬ್ಬಳ್ಳಿಯಿಂದ ಜನ ಬರಬೇಕಿತ್ತು. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಮೂರು ಕಂಪ್ಯೂಟರು ಒಟ್ಟಿಗೇ ನಿಂತವಂತೆ. ಫೋನು ಮಾಡಿದರೆ ನಾಳೆ ಬರುತ್ತೇನೆ ಎಂದ ಮೆಕ್ಯಾನಿಕ್ಕು ನಾಲ್ಕು ದಿನವೂ ಅದನ್ನೇ ಹೇಳಿದ. ಗಂಡ ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದರು. ಅವರ ಚೀಲದಿಂದ ಸ್ಕ್ರೂಡ್ರೈವರ್ ತಂದು ಅಕ್ಕೋರು ಒಂದು ಯಂತ್ರವನ್ನು ತಾವೇ ಬಿಚ್ಚಿದರು. ಬಿಚ್ಚುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಯಾವ ವಯರು ಎಲ್ಲಿ ಹೋಗುತ್ತದೆ ಎಂದು ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಂಡರು. ಆ ನೋಟ್‌ಬುಕ್ಕನ್ನು ನಾನು ನೋಡಿದ್ದೇನೆ. ರಂಗೋಲಿ ಪುಸ್ತಕದ ಹಾಗಿತ್ತು. ಮೂರರಲ್ಲಿ ಎರಡು ಯಂತ್ರ ಚಾಲೂ ಆದವು. ಹುಬ್ಬಳ್ಳಿಯವನು ಐದನೇ ದಿನ ಬಂದಾಗ ಅವನಿಗೆ ಚಹಾ ಕೊಟ್ಟು ಕಳಿಸಿದರಂತೆ.

ಅವರ ಹತ್ತಿರ ಬಂದ ಕೆಲಸಗಳಲ್ಲಿ ಅರ್ಧಕ್ಕರ್ಧ ಡಬ್ಬಿ ಬದಲಿಸುವುದೇ. ಬಯಲುಸೀಮೆಯವರಿಗೆ ಇದು ಗೊತ್ತಾಗಲಿಕ್ಕಿಲ್ಲ. ನಮ್ಮ ಕಡೆ ಕಂಪ್ಯೂಟರು ಒಳಗಿಂದ ಕೆಡುವ ಮೊದಲು ಹೊರಗಿಂದ ಕೆಡುತ್ತದೆ. ಸಮುದ್ರದ ಗಾಳಿ ತಗಡನ್ನು ತಿಂದುಹಾಕುತ್ತದೆ. ಮೊದಲು ಸ್ಕ್ರೂಗಳ ಸುತ್ತ ಕೆಂಪು ಮೂಡುತ್ತದೆ, ಆಮೇಲೆ ಅಂಚು ಉದುರುತ್ತದೆ, ಎರಡು ಮಳೆಗಾಲ ಕಳೆದರೆ ಎತ್ತುವಾಗ ಅಡಿಯೇ ಕಳಚಿ ಕೈಗೆ ಬರುತ್ತದೆ. ಇರುವೆ, ಹಲ್ಲಿಮೊಟ್ಟೆ ಎಲ್ಲ ಒಳಗೆ. ಆಗ ಒಳಗಿನ ಸಾಮಾನನ್ನೆಲ್ಲ ಬಿಚ್ಚಿ ಬೇರೆ ಕ್ಯಾಬಿನೆಟ್ಟಿಗೆ ಹಾಕಬೇಕು. ಜನ ಆ ಪೆಟ್ಟಿಗೆಯನ್ನೇ ಸಿಪಿಯು ಎನ್ನುತ್ತಿದ್ದರು. ಸಿಪಿಯು ಅಂದರೆ ಒಳಗೆ ಬಿಸ್ಕಿಟಿನಷ್ಟು ದೊಡ್ಡದಿರುವ ಒಂದು ವಸ್ತು ಎಂದು ಅಕ್ಕೋರು ನೂರು ಜನರಿಗೆ ಹೇಳಿ ಸೋತು, ಕೊನೆಗೆ ತಾವೂ ಅದನ್ನು ಡಬ್ಬಿ ಎಂದೇ ಕರೆದರು. ಆ ಕೆಲಸಕ್ಕೆ ಮಾತ್ರ ಬೇರೆ ಹೆಸರಿಟ್ಟಿದ್ದರು, ಮನೆ ಬದಲ್ಸೂದು.

ನಾನು ಕಾಗಾಲದವಳು. ಪಿಯುಸಿ ಮುಗಿಸಿ ಟೈಪಿಂಗ್ ಕಲಿಯಲು ಹೋದವಳು ಅಲ್ಲೇ ಕಲಿಸಲು ನಿಂತೆ. ಮನೆ ಬದಲಿಸುವುದನ್ನು ಅವರು ನನಗೆ ಕಲಿಸಿದ್ದು ಒಂದು ಇಡ್ಲಿ ತಟ್ಟೆ ಇಟ್ಟುಕೊಂಡು. ಹಳೇ ಅಲ್ಯುಮಿನಿಯಂ ತಟ್ಟೆ, ನಾಲ್ಕು ಕುಳಿಯದು. ಒಂದು ಕುಳಿಗೆ ಡಬ್ಬಿಯ ದಪ್ಪ ಸ್ಕ್ರೂ, ಒಂದಕ್ಕೆ ಹಾರ್ಡ್ ಡಿಸ್ಕಿನ ಸ್ಕ್ರೂ, ಒಂದಕ್ಕೆ ಮದರ್‌ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆ ಕಾಲುಗಳು. ನಾಲ್ಕನೆಯ ಕುಳಿ ಎಲ್ಲಿಯದೆಂದು ಗೊತ್ತಾಗದ ಸಾಮಾನಿಗೆ. ಕೆಲಸ ಮುಗಿದಾಗ ನಾಲ್ಕೂ ಕುಳಿ ಖಾಲಿ ಇರಬೇಕು. ಇಲ್ಲದಿದ್ದರೆ ಮತ್ತೆ ಬಿಚ್ಚಿಸುತ್ತಿದ್ದರು. ಪ್ರೊಸೆಸರಿನ ಮೇಲೆ ಹಚ್ಚುವ ಬಿಳಿ ಪೇಸ್ಟು ಹೆಸರುಕಾಳಿನಷ್ಟೇ ಇರಬೇಕು. ಮುಂದಿನ ಗುಂಡಿಯಿಂದ ಬರುವ ಕೂದಲಿನಂಥ ವಯರುಗಳನ್ನು ಕೊನೆಗೆ ಹಾಕಬೇಕು. ಇನ್ನೊಂದು ಮಾತನ್ನು ಅವರು ಪ್ರತಿಸಲವೂ ಹೇಳುತ್ತಿದ್ದರು.

"ಹೋಗ್ದಿದ್ರೆ ತಿರುಗ್ಸಿ ನೋಡು ತಂಗಿ. ಒತ್ತುಕೆ ಹೋಗ್ಬೇಡ."

ಭಟ್ಕಳಕ್ಕೆ ಅವರ ಜೊತೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅಲ್ಲಿಯ ದೊಡ್ಡ ಮನೆಗಳಲ್ಲಿ ಗಂಡಸರು ಗಲ್ಫಿನಲ್ಲಿರುತ್ತಿದ್ದರು. ಕಂಪ್ಯೂಟರು ಒಳಗಿನ ಕೋಣೆಯಲ್ಲಿ, ಹೆಂಗಸರ ನಡುವೆ ಇರುತ್ತಿತ್ತು. ಗಂಡಸು ಮೆಕ್ಯಾನಿಕ್ಕು ಬಂದರೆ ಅವರೆಲ್ಲ ಎದ್ದು ಹೋಗಬೇಕು. ಅಕ್ಕೋರು ಹೋದರೆ ಆ ತೊಂದರೆ ಇರಲಿಲ್ಲ, ಅವರು ನೆಲದ ಮೇಲೆ ಚಾಪೆ ಹಾಕಿಸಿಕೊಂಡು ಯಂತ್ರ ಬಿಚ್ಚಿ ಕೂತರೆ ಸುತ್ತ ಮದುವೆ ಮನೆಯ ಹಾಗೆ ಹೆಂಗಸರು ಕೂರುತ್ತಿದ್ದರು. ಅಕ್ಕೋರಿಗೆ ಕೊಂಕಣಿ ಚೆನ್ನಾಗಿ ಬರುತ್ತಿತ್ತು, ಅದನ್ನೇ ಸ್ವಲ್ಪ ತಿರುಗಿಸಿ ಅಲ್ಲಿಯ ಮುಸ್ಲಿಮರಾಡುವ ನವಾಯತಿ ಮಾಡಿಕೊಳ್ಳುತ್ತಿದ್ದರು. ತಪ್ಪಾದರೆ ಅಲ್ಲಿಯ ಹುಡುಗಿಯರು ನಗುತ್ತಿದ್ದರು, ಇವರೂ ನಗುತ್ತಿದ್ದರು.

ಒಂದು ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಮಗ ಅಲ್ಲೆಲ್ಲೋ ಮರುಭೂಮಿಯ ಊರಲ್ಲಿ, ವಾರಕ್ಕೊಮ್ಮೆ ಆ ಯಂತ್ರದಲ್ಲಿ ಮುಖ ತೋರಿಸುತ್ತಿದ್ದ. ತುಕ್ಕು ಹಿಡಿದ ಡಬ್ಬಿಯಿಂದ ಅಕ್ಕೋರು ಒಂದೊಂದೇ ಸಾಮಾನು ತೆಗೆದು ಬಟ್ಟೆಯ ಮೇಲೆ ಇಡುತ್ತಿದ್ದಂತೆ ಅಜ್ಜಿಗೆ ಕಳವಳವಾಯಿತು. ಹೊಸ ಡಬ್ಬಿಗೆ ಹಾಕಿದ ಮೇಲೆ ಮಗ ಬರುತ್ತಾನೋ ಇಲ್ಲವೋ ಎಂದು ಕೇಳಿದರು. ಸೊಸೆಯಂದಿರು ನಕ್ಕರು. ಅಕ್ಕೋರು ನಗಲಿಲ್ಲ. ಅಜ್ಜಿಯ ಕೈ ಹಿಡಿದು ಹತ್ತಿರ ಕೂರಿಸಿಕೊಂಡು, ಯಾವುದು ಎಲ್ಲಿ ಹೋಗುತ್ತದೆ ಎಂದು ಒಂದೊಂದನ್ನೂ ಮುಟ್ಟಿಸಿ ತೋರಿಸುತ್ತ ಕೆಲಸ ಮಾಡಿದರು. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಮುಗಿದ ಮೇಲೆ ಮಗನಿಗೆ ಫೋನು ಮಾಡಿಸಿ, ಪರದೆಯಲ್ಲಿ ಅವನ ಮುಖ ಬಂದು ಅಮ್ಮ ಎಂದು ಕರೆದ ಮೇಲೆಯೇ ಅಲ್ಲಿಂದ ಎದ್ದರು. ಬಸ್ಸಿನಲ್ಲಿ ನಾನು, ಇಷ್ಟು ಹೊತ್ತು ಬೇಕಿತ್ತಾ ಎಂದು ಕೇಳಿದೆ.

ಆ ಹೊತ್ತಿಗೆ ಅವರ ಮನೆಯಲ್ಲಿ ಏನು ನಡೆದಿತ್ತು ಎಂದು ನೆನೆದಿದ್ದರೆ ನಾನು ಹಾಗೆ ಕೇಳುತ್ತಿರಲಿಲ್ಲ. ಅವರ ಯಜಮಾನರಿಗೆ ಗಂಟಲಿನ ಕ್ಯಾನ್ಸರ್ ಆಗಿ, ಮಣಿಪಾಲಕ್ಕೆ ಒಯ್ದು, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ ಕೆಲವು ವರ್ಷಗಳಾಗಿದ್ದವು. ಜೀವ ಉಳಿಯಿತು, ಮಾತು ಹೋಯಿತು. ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ಸದಾ ಬಿಳಿ ಬಟ್ಟೆ. ಟ್ರಂಕ್ ಕಾಲಿನ ಕಾಲದಲ್ಲಿ ಹೊನ್ನಾವರ ಎಕ್ಸ್‌ಚೇಂಜಿನಲ್ಲಿ ದಿನವಿಡೀ ಮಾತಾಡಿಯೇ ಸಂಬಳ ತೆಗೆದುಕೊಂಡ ಮನುಷ್ಯ ಅವರು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ತಿಂಗಳು ಗೋಡೆ ನೋಡುತ್ತ ಮಲಗಿದ್ದರಂತೆ. ಅಕ್ಕೋರು ಇನ್‌ಸ್ಟಿಟ್ಯೂಟಿನ ಒಂದು ಕಂಪ್ಯೂಟರನ್ನು ರಿಕ್ಷಾದಲ್ಲಿ ಕರ್ಕಿಗೆ ಸಾಗಿಸಿ, ಜಗಲಿಯ ಕಿಟಕಿಯ ಪಕ್ಕ ಇಟ್ಟು, ಗಂಡನಿಗೆ ಕನ್ನಡ ಟೈಪಿಂಗ್ ಕಲಿಸಿದರು. ನಮಗೆಲ್ಲ ಆರು ತಿಂಗಳು ಹಿಡಿದದ್ದನ್ನು ಅವರು ಮೂರು ವಾರದಲ್ಲಿ ಕಲಿತರು.

ಅಲ್ಲಿಂದ ಆ ಮನೆಯ ಮಾತುಕತೆ ಆ ಯಂತ್ರದಲ್ಲೇ ನಡೆಯಿತು. ಅಕ್ಕೋರು ಅಡುಗೆಮನೆಯಿಂದ ಮಾತಾಡುತ್ತಿದ್ದರು, ಯಜಮಾನರು ಜಗಲಿಯಲ್ಲಿ ಟೈಪು ಮಾಡಿ ಮೇಜನ್ನು ಉಂಗುರದಿಂದ ಎರಡು ಸಲ ಕುಟ್ಟುತ್ತಿದ್ದರು. ಅಕ್ಕೋರು ಕೈ ಒರೆಸಿಕೊಳ್ಳುತ್ತ ಬಂದು ಓದಿ, ಉತ್ತರ ಹೇಳಿ ಒಳಗೆ ಹೋಗುತ್ತಿದ್ದರು. ನಾನು ಹೋದಾಗಲೂ ಇದು ನಿಲ್ಲುತ್ತಿರಲಿಲ್ಲ. ಸಾರಿಗೆ ಉಪ್ಪು ಸಾಲದು, ಬಂಗಡೆ ಮೀನು ನಿನ್ನೆಯದು, ಈ ಹುಡುಗಿ ಯಾಕೆ ಇಷ್ಟು ಬಡಕಲು, ಎಲ್ಲವೂ ಅಲ್ಲಿ ಬರುತ್ತಿತ್ತು. ಸಿಟ್ಟು ಬಂದರೆ ಅಕ್ಷರದ ಗಾತ್ರ ಹೆಚ್ಚಿಸುತ್ತಿದ್ದರು. ಒಮ್ಮೆ ಪರದೆಯ ತುಂಬ ಒಂದೇ ಪದ ಇತ್ತು, ಸಾಕು ಎಂದು. ಅಕ್ಕೋರು ಬಂದು ನೋಡಿ ಪರದೆಯ ಗುಂಡಿ ಒತ್ತಿ ಕತ್ತಲು ಮಾಡಿ ಹೋದರು. ಯಜಮಾನರು ನನ್ನ ಕಡೆ ತಿರುಗಿ, ಧ್ವನಿಯಿಲ್ಲದೆ, ಭುಜ ಕುಣಿಸಿ ನಕ್ಕರು.

ಎಲ್ಲವೂ ಒಂದೇ ಫೈಲು. ಏನನ್ನೂ ಅಳಿಸುತ್ತಿರಲಿಲ್ಲ. ಬೇರೆಯವರ ಯಂತ್ರಕ್ಕೆ ಕೈ ಹಚ್ಚುವ ಮೊದಲು ಸಿಡಿಗೆ ಕಾಪಿ ಮಾಡದೆ ಬಿಡದ ಅಕ್ಕೋರು ಈ ಫೈಲನ್ನು ಮಾತ್ರ ಎಲ್ಲೂ ಕಾಪಿ ಮಾಡಿರಲಿಲ್ಲ. ಗಂಡ ಬೇಡ ಎಂದಿದ್ದರು. ಆಡಿದ ಮಾತನ್ನು ಯಾರಾದರೂ ಇನ್ನೊಂದು ಕಡೆ ತೆಗೆದಿಡುತ್ತಾರೆಯೇ ಎಂದು ಬರೆದಿದ್ದರಂತೆ.

ಕೆಲವು ವರ್ಷ ಕಳೆದು ಕಾಯಿಲೆ ತಿರುಗಿ ಬಂತು. ಒಂದು ಮಳೆಗಾಲದ ನಡುವೆ ಯಜಮಾನರು ಹೋದರು. ಅಕ್ಕೋರು ಹದಿನೈದು ದಿನಕ್ಕೆ ಕೆಲಸಕ್ಕೆ ಬಂದರು. ಅಬ್ಬಲಿಗೆ ಇರಲಿಲ್ಲ, ಉಳಿದದ್ದೆಲ್ಲ ಮೊದಲಿನ ಹಾಗೆ. ಜಗಲಿಯ ಯಂತ್ರವನ್ನು ಆಮೇಲೆ ಯಾರೂ ಚಾಲೂ ಮಾಡಲಿಲ್ಲ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಡಬ್ಬಿ ತುಕ್ಕು ತಿಂದು ಒಂದು ಬದಿ ಕುಸಿದಿತ್ತು. ಅಷ್ಟರಲ್ಲಿ ಅಕ್ಕೋರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದೊಡ್ಡ ಅಕ್ಷರವನ್ನೂ ನಮ್ಮಿಂದ ಓದಿಸಿಕೊಳ್ಳುತ್ತಿದ್ದರು.

ಒಂದು ದಿನ ಅವರು ಇನ್‌ಸ್ಟಿಟ್ಯೂಟಿಗೆ ರಜೆ ಹಾಕಿ, ಮಧ್ಯಾಹ್ನ ಕರ್ಕಿಗೆ ಬಾ ಎಂದು ನನ್ನನ್ನು ಕರೆದರು. ಒಂದು ಕಪ್ಪು ಕ್ಯಾಬಿನೆಟ್ ತರಿಸಿಟ್ಟಿದ್ದರು. ಆ ಫೈಲು ಇದ್ದ ಹಾರ್ಡ್ ಡಿಸ್ಕನ್ನು ಕುಮಟೆಗೆ ಒಯ್ದು ಅಲ್ಲಿಯ ಯಂತ್ರಕ್ಕೆ ಹಾಕಿದರೆ ಸುಲಭ ಎಂದು ನಾನು ಹೇಳಿದೆ. ಬೇಡ, ಆ ಮೇಜಿನ ಮೇಲೇ ಚಾಲೂ ಆಗಬೇಕು ಎಂದರು. ನಾನು ಹೋದಾಗ ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದರು. ಎಲ್ಲಿಗೋ ಹೊರಟಿರಬೇಕು ಅಂದುಕೊಂಡೆ.

"ಸಂಜೆವರೆಗೆ ಇರ್ತ್ಯಲ್ಲ?" ಎಂದು ಕೇಳಿದರು.

ನನ್ನ ಚೀಲದಲ್ಲಿ ಭಟ್ಕಳದ ಒಂದು ಶಾಲೆಯಿಂದ ಬಂದ ಪತ್ರವಿತ್ತು. ಮರುದಿನ ಬೆಳಿಗ್ಗೆ ಸಂದರ್ಶನ. ಸಂಜೆಯೇ ಭಟ್ಕಳಕ್ಕೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿಯುವುದೆಂದು ನಿಶ್ಚಯಿಸಿದ್ದೆ. ಅಕ್ಕೋರಿಗೆ ಹೇಳಿರಲಿಲ್ಲ. ಗಂಡ ಹೋದ ಮೇಲೆ ಇನ್‌ಸ್ಟಿಟ್ಯೂಟಿನಲ್ಲಿ ಅವರಿಗೆ ಇದ್ದವಳು ನಾನೊಬ್ಬಳೇ, ಬಿಟ್ಟು ಹೋಗುತ್ತೇನೆ ಎನ್ನಲು ಬಾಯಿ ಬಂದಿರಲಿಲ್ಲ. ಮನೆಯಲ್ಲಿ ಅಮ್ಮನಿಗೆ, ನಮ್ಮ ಆಯಿಗೆ, ಹುಷಾರಿಲ್ಲ, ನಾಲ್ಕರ ಬಸ್ಸಿಗೆ ಹೋಗಬೇಕು ಎಂದು ಸುಳ್ಳು ಹೇಳಿದೆ.

"ಆತು. ಹಾಂಗಾರೆ ಬೇಗ ಮುಗ್ಸುವಾ" ಎಂದರು. ಮುಖ ಸ್ವಲ್ಪ ಇಳಿದಂತೆ ಕಂಡಿತು. ಆಯಿಗೆ ಏನಾಗಿದೆ ಎಂದು ವಿಚಾರಿಸಿಕೊಂಡರು.

ಬಿಚ್ಚುವುದು ಬೇಗ ಆಯಿತು. ಹಳೇ ಡಬ್ಬಿಯ ಸ್ಕ್ರೂಗಳು ತಿರುಗುವ ಮೊದಲೇ ಪುಡಿಯಾಗುತ್ತಿದ್ದವು. ಬೋರ್ಡನ್ನು ಬ್ರಶ್ಶಿನಿಂದ ಉಜ್ಜಿ, ಹೊಸ ಡಬ್ಬಿಗೆ ಕಾಲುಗಳನ್ನು ಹಾಕಿ ಕೂರಿಸಿದೆ. ಅವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಕಾಣದಿದ್ದರೂ ನನ್ನ ಕೈ ಇದ್ದ ಕಡೆಗೇ ನೋಡುತ್ತಿದ್ದರು. ಗೋಡೆಯ ಗಡಿಯಾರ ಮೂರೂವರೆ ದಾಟಿತ್ತು. ಆಮೇಲೆ ಹಾರ್ಡ್ ಡಿಸ್ಕು. ಆ ಕಾಲದ ಡಿಸ್ಕಿಗೆ ಕರೆಂಟು ಕೊಡುವ ಪ್ಲಗ್ಗಿಗೆ ನಾಲ್ಕು ತೂತು, ಎರಡು ಮೂಲೆ ಕತ್ತರಿಸಿದಂತೆ ಇರುತ್ತದೆ. ಒಂದೇ ರೀತಿಯಲ್ಲಿ ಹೋಗಬೇಕು. ಹೊಸ ಡಬ್ಬಿಯ ಜೊತೆ ಬಂದ ಪ್ಲಗ್ಗು ಅಗ್ಗದ್ದು, ಮೆತ್ತಗಿನ ಪ್ಲಾಸ್ಟಿಕ್ಕು. ಅದು ಹೋಗಲಿಲ್ಲ. ನಾನು ತಿರುಗಿಸಿ ನೋಡಲಿಲ್ಲ. ಹೆಬ್ಬೆರಳಿಟ್ಟು ಒತ್ತಿದೆ, ಇನ್ನೂ ಒತ್ತಿದೆ, ಹೋಯಿತು. ಆಗಲೇ ಕೈಗೆ ಗೊತ್ತಾಗಿತ್ತು. ನೂರಾರು ಸಲ ಅದೇ ಪ್ಲಗ್ಗನ್ನು ಹಾಕಿದ ಕೈ ಅದು, ಸರಿಯಾಗಿ ಹೋಗುವಾಗ ಹೇಗಿರುತ್ತದೆ ಎಂದು ಅದಕ್ಕೆ ಗೊತ್ತಿತ್ತು. ಆದರೂ ನಾನು ಸ್ವಿಚ್ಚು ಹಾಕಿದೆ.

ಚಟ್ ಎಂದು ಒಂದು ಸಣ್ಣ ಸದ್ದು. ಡಿಸ್ಕಿನ ಅಡಿಯಿಂದ ಊದುಬತ್ತಿಯಷ್ಟು ತೆಳ್ಳಗಿನ ಹೊಗೆ ಎದ್ದಿತು. ಸುಟ್ಟ ವಾಸನೆ ಜಗಲಿಯ ತುಂಬ ಹರಡಿತು.

ಅಕ್ಕೋರು ತಡವರಿಸದೆ ಕೈ ಚಾಚಿ ಗೋಡೆಯ ಸ್ವಿಚ್ಚು ಆರಿಸಿದರು. ಅವರು ಕೇಳಿದ ಮೊದಲ ಮಾತು, "ಕೈ ಸುಟ್ತಾ?"

ಇಲ್ಲ ಎಂದೆ. ಅವರು ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತು, ಡಬ್ಬಿಯೊಳಗೆ ಕೈ ಹಾಕಿ ಬೆರಳಿನಿಂದ ಹುಡುಕಿದರು. ಪ್ಲಗ್ಗು ಸಿಕ್ಕಿತು. ಅದರ ಮೂಲೆಗಳನ್ನು ಮುಟ್ಟಿದರು. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದನ್ನು ಎಳೆದು ತೆಗೆದು, ತಿರುಗಿಸಿ, ಸರಿಯಾಗಿ ಹಾಕಿದರು. ಅದು ಸಲೀಸಾಗಿ ಹೋಯಿತು. ಅಷ್ಟರಲ್ಲಿ ಒಳಗಿನಿಂದ ಅವರ ನಾದಿನಿ, ಅಂದರೆ ಯಜಮಾನರ ತಂಗಿ, ಚಹಾ ಹಿಡಿದುಕೊಂಡು ಬಂದವರು ಎಂತ ವಾಸನೆ ಎಂದು ಕೇಳಿದರು.

"ಡಿಸ್ಕ್ ಹೋತು. ಹಳೇದಾಗಿತ್ತಲ್ಲ, ಉಪ್ಪು ಗಾಳಿ" ಎಂದರು ಅಕ್ಕೋರು.

ನಾನು ಬಾಯಿ ಬಿಡಲಿಲ್ಲ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, ನಾಲ್ಕರ ಬಸ್ಸು ತಪ್ಪುತ್ತದೆ, ಚಹಾ ಕುಡಿದು ಹೊರಡು, ಆಯಿ ಕಾಯುತ್ತಿರಬಹುದು ಎಂದರು. ನಾನು ಹೊರಟೆ. ಹೆದ್ದಾರಿಯವರೆಗೆ ಓಡಿದೆ. ಬಸ್ಸು ಸಿಕ್ಕಿತು.

ಭಟ್ಕಳದ ಕೆಲಸವೂ ಸಿಕ್ಕಿತು. ಅಕ್ಕೋರಿಗೆ ಫೋನಿನಲ್ಲಿ ಹೇಳಿದೆ. ಒಳ್ಳೇದಾತು, ನಿನಗೆ ಅಲ್ಲಿಯ ಮಾತೂ ಸ್ವಲ್ಪ ಬರುತ್ತದೆ ಎಂದು ಸಂತೋಷಪಟ್ಟರು. ಡಿಸ್ಕಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ರಜೆಗೆ ಬಂದಾಗ ಊಟಕ್ಕೆ ಬಾ ಎಂದರು. ಬರ್ತೆ ಎಂದೆ. ಹೋಗಲಿಲ್ಲ.

ಮೊದಲ ಸಲ ಹೋಗದಿದ್ದದ್ದು ಹೆದರಿಕೆಯಿಂದ. ಎರಡನೆಯ ಸಲ, ಮೊದಲ ಸಲ ಹೋಗಲಿಲ್ಲವಲ್ಲ ಎಂಬ ಸಂಕೋಚದಿಂದ. ಆಮೇಲೆ ಹೋಗದಿರುವುದೇ ರೂಢಿಯಾಯಿತು. ಭಟ್ಕಳದಿಂದ ಕಾಗಾಲಕ್ಕೆ ಬರುವಾಗಲೆಲ್ಲ ಬಸ್ಸು ಹೊನ್ನಾವರ ದಾಟಿ ಕರ್ಕಿಯ ಮೇಲೆಯೇ ಬರಬೇಕು. ಅವರ ಮನೆಗೆ ತಿರುಗುವ ರಸ್ತೆ ಬಂದಾಗ ನಾನು ಮೊಬೈಲಿನಲ್ಲಿ ಏನಾದರೂ ಹುಡುಕುತ್ತಿದ್ದೆ. ನನಗೆ ಮದುವೆಯಾಯಿತು. ಆಮಂತ್ರಣವನ್ನು ಅಂಚೆಯಲ್ಲಿ ಕಳಿಸಿದೆ. ಅವರು ಬಂದು, ಜನರ ನಡುವೆ ನಿಂತು ಕೈಗೆ ಒಂದು ಸೀರೆ ಕೊಟ್ಟು, ಊಟ ಮಾಡಿ ಹೋದರು. ಹತ್ತಿರ ಕೂತು ಮಾತಾಡಲು ನಾನು ಬಿಡುವು ಮಾಡಿಕೊಳ್ಳಲಿಲ್ಲ.

ಒಮ್ಮೆ ಮಾತ್ರ ಕುಮಟೆ ಬಸ್‌ಸ್ಟ್ಯಾಂಡಿನಲ್ಲಿ ಎದುರೆದುರು ಸಿಕ್ಕಿಬಿದ್ದೆ. ಪೊರೆ ತೆಗೆಸಿದ್ದರು, ದಪ್ಪ ಕನ್ನಡಕದ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಇನ್‌ಸ್ಟಿಟ್ಯೂಟು ಮುಚ್ಚಿದೆ ಎಂದರು. ಈಗ ಎಲ್ಲರ ಕೈಯಲ್ಲೂ ಮೊಬೈಲು, ಹತ್ತು ಬೆರಳು ಯಾರಿಗೆ ಬೇಕು ಎಂದು ನಕ್ಕರು. ನನ್ನ ಮಗಳ ಕೆನ್ನೆ ಸವರಿದರು. ಇವತ್ತು ಹೇಳಿಬಿಡಬೇಕು ಅನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ನನ್ನ ಮುಂಗೈ ಹಿಡಿದುಕೊಂಡರು.

"ಒಂದ್ಸಲ ಮನೆಗೆ ಬಾರೆ ತಂಗಿ. ಕೆಲ್ಸ ಅದೆ ಹೇಳಿ ಕರಿತಾ ಇಲ್ಲ. ಸುಮ್ನೆ ಬಾ."

ಬರುವ ತಿಂಗಳು ಖಂಡಿತ ಬರುತ್ತೇನೆ ಎಂದೆ. ಬಸ್ಸು ಬಂತು, ಹತ್ತಿದೆ. ಅವರು ಕಂಬದ ಪಕ್ಕ ನಿಂತು ಕೈ ಬೀಸುತ್ತಿದ್ದರು. ಅದೇ ಕೊನೆ. ಎರಡು ವರ್ಷದಿಂದ ಅವರಿಗೆ ಕಿಡ್ನಿಯ ಕಾಯಿಲೆ ಇತ್ತೆಂದೂ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದರೆಂದೂ ನನಗೆ ತಿಳಿದದ್ದು ಸತ್ತ ಮೇಲೆ, ಆ ಗುಂಪಿನಲ್ಲಿ ಬಂದ ಬರಹಗಳಿಂದ.

ಹನ್ನೆರಡನೆಯ ದಿನದ ಊಟಕ್ಕೆ ಕರ್ಕಿಗೆ ಹೋದೆ. ಅಂಗಳಕ್ಕೆ ಚಪ್ಪರ ಹಾಕಿದ್ದರು. ಕುಮಟೆಯಿಂದ ಬಂದ ಹಳೆಯ ವಿದ್ಯಾರ್ಥಿಗಳು ಕೆಲವರಿದ್ದರು, ಭಟ್ಕಳದಿಂದ ಇಬ್ಬರು ಮುಸ್ಲಿಂ ಹೆಂಗಸರೂ ಬಂದು ಒಳಗೆ ಕೂತು ಮಾತಾಡಿಸಿ ಹೋದರಂತೆ. ಜಗಲಿಯ ಕಿಟಕಿಯ ಪಕ್ಕ ಮೇಜು ಇರಲಿಲ್ಲ. ನಾದಿನಿಗೆ ಈಗ ವಯಸ್ಸಾಗಿದೆ. ನನ್ನನ್ನು ನೋಡಿದವರೇ ಗುರುತು ಹಿಡಿದು, ಪಡಸಾಲೆಯ ಮೂಲೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. ಅತ್ತಿಗೆಯ ಕಾಯಿಲೆಯ ಕತೆ ಹೇಳಿದರು. ಆಮೇಲೆ, ನಾನು ಕೇಳದಿದ್ದರೂ, ಡಿಸ್ಕು ಹೋದ ದಿನದ ಮಾತು ತೆಗೆದರು.

ಅವರು ಹೇಳಿದ್ದು ಇದು. ಅಣ್ಣ ತಮ್ಮ ಕೊನೆಯ ಎಂಟು ದಿನ, ಅಕ್ಕೋರು ಕುಮಟೆಗೆ ಹೋದ ಮೇಲೆ, ತಂಗಿಯ ಹೆಗಲು ಹಿಡಿದು ಎದ್ದು ಬಂದು ಯಂತ್ರದ ಮುಂದೆ ಕೂತು ಬರೆಯುತ್ತಿದ್ದರು. ಹತ್ತು ನಿಮಿಷ ಬರೆದರೆ ಒಂದು ಗಂಟೆ ಮಲಗಬೇಕಾಗುತ್ತಿತ್ತು. ಅಕ್ಕೋರಿಗೆ ಗೊತ್ತಾಗಿ ಕೇಳಿದಾಗ, ಈಗ ಬೇಡ, ಆಮೇಲೆ ಓದು ಎಂದು ಕೈಸನ್ನೆ ಮಾಡಿದ್ದರು. ಹೋದ ಮೇಲೆ ಅಕ್ಕೋರಿಗೆ ಅದನ್ನು ತೆರೆಯುವ ಧೈರ್ಯ ಬರಲಿಲ್ಲ. ವರ್ಷ ಕಳೆಯಿತು. ಧೈರ್ಯ ಬರುವ ಹೊತ್ತಿಗೆ ಡಬ್ಬಿ ಹಾಳಾಗಿತ್ತು, ಕಣ್ಣೂ ಹೋಗಿತ್ತು.

"ನೀನು ಬಂದ ದಿನ ಬೆಳಿಗ್ಗೇನೇ ಮಿಂದು ಹೊಸ ಸೀರೆ ಉಟ್ಕಂಡು ಕೂತಿದ್ಲು" ಎಂದರು ನಾದಿನಿ. "ನಿನ್ನ ಹತ್ರ ಓದಿಸ್ಕಳ್ಬೇಕು ಹೇಳಿ ಇದ್ಲು. ಬೇರೆ ಯಾರ ಬಾಯಲ್ಲೂ ಕೇಳೂಕೆ ಆಗೂದಿಲ್ಲ, ಅವಳಾದ್ರೆ ಅಡ್ಡಿಲ್ಲ ಅಂದಿದ್ಲು."

ಡಿಸ್ಕು ಹೋದ ಮೇಲೆ ಅಕ್ಕೋರು ಸುಮ್ಮನಿರಲಿಲ್ಲ. ಸುಟ್ಟ ಡಿಸ್ಕಿನ ಅಡಿಯಲ್ಲಿರುವ ಹಸಿರು ಹಲಗೆಯನ್ನು ತೆಗೆದು ಅದೇ ನಮೂನೆಯ ಇನ್ನೊಂದು ಡಿಸ್ಕಿನ ಹಲಗೆ ಹಾಕಿದರೆ ಕೆಲವು ಸಲ ಜೀವ ಬರುತ್ತದೆ. ಆ ನಮೂನೆಯ ಡಿಸ್ಕನ್ನು ಹುಡುಕಿಕೊಂಡು, ಕಣ್ಣು ಕಾಣದೆ, ನಾದಿನಿಯ ಕೈ ಹಿಡಿದು ಎರಡು ಸಲ ಹುಬ್ಬಳ್ಳಿಗೆ ಹೋಗಿ ಬಂದಿದ್ದರು. ಎರಡನೆಯ ಸಲ ಸಿಕ್ಕಿತು. ಹಲಗೆ ಬದಲಿಸಿದ ಮೇಲೆ ಡಿಸ್ಕು ಕಟಕಟ ಎಂದು ಸದ್ದು ಮಾಡಿ ನಿಂತಿತು. ಆಮೇಲೆ ಅವರು ಪ್ರಯತ್ನಿಸಲಿಲ್ಲ.

ಚಪ್ಪರದಲ್ಲಿ ಎಲೆ ಹಾಕುವ ಸದ್ದು ಕೇಳುತ್ತಿತ್ತು. ಇಷ್ಟು ವರ್ಷದಲ್ಲಿ ಗಂಡನಿಗೂ ಹೇಳದಿದ್ದ ಮಾತನ್ನು ಅಲ್ಲಿ ಹೇಳಿದೆ.

"ಅದು ಉಪ್ಪು ಗಾಳಿಗೆ ಹೋಗಿದ್ದಲ್ಲ. ನಾನು ಪ್ಲಗ್ ಉಲ್ಟಾ ಹಾಕಿ ಸುಟ್ಟಿದ್ದು. ಅಕ್ಕೋರಿಗೆ ಗೊತ್ತಿತ್ತು."

ನಾದಿನಿ ನನ್ನ ಮುಖ ನೋಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. "ನಂಗೂ ಗೊತ್ತದೆ" ಎಂದರು.

"ಅಕ್ಕೋರು ಹೇಳಿದ್ರಾ?"

"ಇಲ್ಲ. ಅವಳು ಸಾಯೂವರೆಗೆ ಉಪ್ಪು ಗಾಳಿಗೇ ಹೋತು ಹೇಳೇ ಹೇಳ್ತಿದ್ಲು. ನೀನು ಬರೂದು ಬಿಟ್ಯಲ್ಲ, ಅದಕ್ಕೇ ಗೊತ್ತಾತು."

ಅವರು ಸೆರಗಿನ ಸುತ್ತು ಬಿಚ್ಚುತ್ತ ಮುಂದುವರಿಸಿದರು, "ಅಣ್ಣ ಬರ್ದಿದ್ದು ಹೋತು ಹೇಳಿ ಒಂದು ತಿಂಗ್ಳು ಅತ್ಲು. ಆಮೇಲೆ ಬಿಟ್ಲು. ಹ್ಯಾಂಗೂ ಎಂತ ಬರ್ದಿರ್ತಾರೆ ಹೇಳಿ ನಂಗೆ ಗೊತ್ತದೆ ಅಂದ್ಲು. ನೀನು ಬರ್ಲಿಲ್ಲ ಹೇಳೂದು ಮಾತ್ರ ಕಡೆವರೆಗೂ ಬಿಡ್ಲಿಲ್ಲ. ಡಯಾಲಿಸಿಸ್ ಮುಗ್ಸಿ ಬಂದ್ ದಿನ ಎಂತದೂ ಸೇರ್ತಿರ್ಲಿಲ್ಲ ಅವಳಿಗೆ. ಆದ್ರೂ ಆಯಿತವಾರ ಬಂತು ಅಂದ್ರೆ ಒಂದು ಪಾವು ಅಕ್ಕಿ ಜಾಸ್ತಿ ಹಾಕು ಅಂತಿದ್ಲು. ಭಟ್ಕಳದಿಂದ ಬರೂರಿಗೆ ಆಯಿತವಾರವೇ ರಜೆ ಅಲ್ದಾ ಹೇಳಿ."

ಭಟ್ಕಳದ ನಮ್ಮದು ಮುಸ್ಲಿಂ ಆಡಳಿತದ ಶಾಲೆ, ರಜೆ ಭಾನುವಾರವಲ್ಲ, ಶುಕ್ರವಾರ. ಅದನ್ನು ಅವರಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಹೇಳುವಷ್ಟು ಮಾತು ನಮ್ಮ ನಡುವೆ ನಡೆದಿರಲಿಲ್ಲ.

ಯಾರೋ ಬಂದು ಪಂಕ್ತಿ ಕೂತಿತು ಎಂದು ಕರೆದರು. ನಾದಿನಿ ಮೊಣಕಾಲಿಗೆ ಕೈಯೂರಿ ಎದ್ದು, ನನ್ನ ತೋಳು ಹಿಡಿದು ಎಬ್ಬಿಸಿ, ಚಪ್ಪರಕ್ಕೆ ಕರೆದುಕೊಂಡು ಹೋಗಿ ಒಂದು ಎಲೆಯ ಮುಂದೆ ಕೂರಿಸಿದರು. ಅನ್ನ ಬಂತು. ಬಡಿಸುವವನು ಸಾಕಾ ಎಂದು ಕೇಳಿದ. ನಾನು ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ, ಅವನು ಇನ್ನೂ ಹಾಕಿದ. ಹಾಕಿದ್ದಷ್ಟನ್ನೂ ಉಂಡು ಎದ್ದೆ.